ದಸರಾ ಗೊಂಬೆಗಳ ಜೊತೆ ಯುಎಸ್‌ಪಿ 14: ಮಾದರಿ ಎಲ್ಲಿಗೆ ಬಂತು

ಮೈಸೂರಿನಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಪಾರ್ಕು, ಮೃಗಾಲಯ, ಹಳ್ಳಿ ಸಂತೆ ಮಾಡಿಡುವುದು ರೂಢಿ. ಈ ವರ್ಷ ಆ ಜಾಗದಲ್ಲಿ ಇಲಿಯ ನರಕೋಶದೊಳಗಿನ ಒಂದು ಕೆಲಸವನ್ನು ತೋರಿಸುವ ಮಾದರಿ ಮಾಡುತ್ತಿದ್ದೇನೆ. ಯುಎಸ್‌ಪಿ 14 ಎಂಬ ಕಿಣ್ವ ಇಲ್ಲದಿದ್ದರೆ ಇಲಿಗೆ ಏನಾಗುತ್ತದೆ ಅನ್ನುವುದೇ ವಿಷಯ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಕೋಶ ಪ್ರೋಟೀನನ್ನು ಹೇಗೆ ಕಟ್ಟುತ್ತದೆ ಅಂತ ಪಾಠದಲ್ಲಿ ಬೇಕಾದಷ್ಟು ಬರುತ್ತದೆ. ಹೇಗೆ ಒಡೆಯುತ್ತದೆ ಅನ್ನುವುದಕ್ಕೆ ಸಿಗುವ ಜಾಗ ಕಡಿಮೆ. ಅದು ನನಗೆ ಬಹಳ ದಿನದ ಕೊರಗು.

ಪ್ರೋಟಿಯಾಸೋಮಿನ ಪೀಪಾಯಿ ಮುಗಿಯಿತು. ಪ್ರೋಟಿಯಾಸೋಮ್ ಅಂದರೆ ಬೇಡದ ಪ್ರೋಟೀನನ್ನು ತುಂಡು ಮಾಡುವ ಯಂತ್ರ. ಅದರ ನಡುಭಾಗದಲ್ಲಿ ಏಳೇಳು ಘಟಕಗಳ ನಾಲ್ಕು ಉಂಗುರ ಒಂದರ ಮೇಲೊಂದು ಕೂತಿರುತ್ತವೆ, ಒಟ್ಟು 28. ಚನ್ನಪಟ್ಟಣದ ದೊಡ್ಡ ಮರದ ಮಣಿಗಳನ್ನು ಅದಕ್ಕೆ ಬಳಸಿದೆ. ಮೇಲಿನ ಮತ್ತು ಕೆಳಗಿನ ಉಂಗುರ ಹಳದಿ, ನಡುವಿನ ಎರಡು ಕೆಂಪು. ಕತ್ತರಿಸುವ ಕೆಲಸ ನಡೆಯುವುದು ಆ ಕೆಂಪು ಉಂಗುರಗಳ ಒಳಗೆ. ಅರಗಿನ ಬಣ್ಣ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಮೇಲೆ ಬೇರೆ ಬಣ್ಣ ಹಚ್ಚಲು ಮನಸ್ಸೇ ಬರಲಿಲ್ಲ.

ಯುಬಿಕ್ವಿಟಿನ್ ಸರವೂ ಆಯಿತು. ಯುಬಿಕ್ವಿಟಿನ್ ಅಂದರೆ ಬೇರೆ ಪ್ರೋಟೀನುಗಳಿಗೆ ಗುರುತಾಗಿ ಅಂಟುವ ಒಂದು ಪುಟ್ಟ ಪ್ರೋಟೀನು. ಒಂದನ್ನು ಮಾತ್ರ ಪೂರ್ತಿ ವಿವರವಾಗಿ ಮಾಡಿದ್ದೇನೆ. ಅದರಲ್ಲಿ 76 ಅಮೈನೋ ಆಮ್ಲಗಳಿವೆ, ಹಾಗಾಗಿ ತಂತಿಯಲ್ಲಿ 76 ಪುಟ್ಟ ಮಣಿ. ಲೈಸಿನ್ ಎಂಬ ಅಮೈನೋ ಆಮ್ಲ ಇರುವ ಏಳು ಜಾಗಗಳಿಗೆ, ಅಂದರೆ 6, 11, 27, 29, 33, 48, 63ಕ್ಕೆ ನೀಲಿ ಮಣಿ. ಒಂದು ಯುಬಿಕ್ವಿಟಿನ್ನಿನ ಬಾಲ ಇನ್ನೊಂದರ 48ನೇ ಲೈಸಿನ್‌ಗೆ ಅಂಟುತ್ತಾ ಹೋಗಿ ಸರ ಬೆಳೆದರೆ, 'ಈ ಪ್ರೋಟೀನನ್ನು ಒಡೆಯಿರಿ' ಎಂಬ ಗುರುತು ಆಯಿತು. ಈ ಗುರುತಿನ ಪದ್ಧತಿಯನ್ನು ಕಂಡುಹಿಡಿದ ಚಿಕನೋವರ್, ಹರ್ಷ್ಕೋ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಲಿಯ ಯುಬಿಕ್ವಿಟಿನ್ನೂ ನಮ್ಮದೂ ಅಕ್ಷರಶಃ ಒಂದೇ. ಬಂದವರಿಗೆ ಇದನ್ನು ಮೊದಲು ಹೇಳಬೇಕು ಅಂದುಕೊಂಡಿದ್ದೇನೆ.

ಆಟಕ್ಕೆ ಬೇಕಾದ ಉಳಿದ ಯುಬಿಕ್ವಿಟಿನ್‌ಗಳು ಒಂದೊಂದು ಮಣಿ ಅಷ್ಟೆ. ಅವು ಅಂಟಬೇಕು, ಬಿಚ್ಚಬೇಕು. ಅಂಟಿಗಿಂತ, ಅಯಸ್ಕಾಂತಕ್ಕಿಂತ ಟಿಚ್ ಬಟನ್ ಒಳ್ಳೆಯದು ಅನ್ನಿಸಿತು. ದೇವರಾಜ ಮಾರುಕಟ್ಟೆ ಕಡೆಯ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಬಿಚ್ಚುವಾಗ 'ಟಿಕ್' ಅಂತ ಸದ್ದು ಬರುತ್ತದೆ. ಮಕ್ಕಳಿಗೆ ಅದೇ ಖುಷಿ.

ಈಗ ಇಲಿ. ಮಣ್ಣಿನ ಎರಡು ಇಲಿ ತಂದೆ. ಒಂದನ್ನು ಸ್ಪ್ರಿಂಗ್ ಮೇಲೆ ಕೂರಿಸಿದ್ದೇನೆ, ಮುಟ್ಟಿದರೆ ನಡುಗುತ್ತದೆ. ಈ ಕಿಣ್ವದ ಕೊರತೆಯಿರುವ ಇಲಿತಳಿಗೆ 'ಅಟಾಕ್ಸಿಯಾ' ಅಂತ ಹೆಸರು. ನಿಜವಾದ ಆ ಇಲಿಗಳಿಗೆ ಎರಡು ಮೂರು ವಾರದ ವಯಸ್ಸಿಗೇ ಜೋರು ನಡುಕ ಶುರುವಾಗುತ್ತದೆ. ಆಮೇಲೆ ಹಿಂಗಾಲು ಬೀಳುತ್ತದೆ. ಆರರಿಂದ ಹತ್ತು ವಾರದೊಳಗೆ ಸಾಯುತ್ತವೆ. ಕಾರಣ ಯುಎಸ್‌ಪಿ 14 ಜೀನ್ ಎಂದು 2002ರಲ್ಲಿ ತಿಳಿಯಿತು. ಜೀನಿನ ಐದನೇ ಇಂಟ್ರಾನ್ ಒಳಗೆ, ಅಂದರೆ ಪ್ರೋಟೀನು ಕಟ್ಟುವ ಮುಂಚೆ ಕತ್ತರಿಸಿ ಬಿಡುವ ಒಂದು ಭಾಗದೊಳಗೆ, ವೈರಸ್ಸಿನಂಥ ಒಂದು ಡಿಎನ್‌ಎ ತುಂಡು ಬಂದು ಸೇರಿಕೊಂಡಿತ್ತು.

ಅತ್ತೆ ಬಂದು ಇಲಿಯನ್ನು ಮುಟ್ಟಿ ನೋಡಿ ಕೇಳಿದರು: "ಬೇಡದ ಪ್ರೋಟೀನು ಒಡೆಯದೆ ತಲೆಯೊಳಗೆ ತುಂಬಿಕೊಂಡಿತು, ಅದಕ್ಕೇ ನಡುಕ. ಹೌದು ತಾನೆ?"

"ಇಲ್ಲ ಅತ್ತೆ, ಹುಡುಕಿದರೂ ಅಂಥ ಗಂಟುಗಳು ಸಿಗಲಿಲ್ಲವಂತೆ. ನರಕೋಶಗಳೂ ಸತ್ತಿರಲಿಲ್ಲ."

"ಮತ್ತೆ ಯಾಕೆ?"

ಈ 'ಮತ್ತೆ ಯಾಕೆ'ಗೆ ಉತ್ತರ ಕೊಡುವುದೇ ಮಾದರಿಯ ಕೆಲಸ. ಯುಎಸ್‌ಪಿ 14 ಪ್ರೋಟಿಯಾಸೋಮಿನ ಬಾಯಿಯ ಹತ್ತಿರ ಕೂತಿರುತ್ತದೆ. ಅಲ್ಲಿ ಕೂತಾಗ ಅದರ ಚುರುಕು ನೂರಾರು ಪಟ್ಟು ಹೆಚ್ಚುತ್ತದೆ. ಪ್ರೋಟೀನು ಒಳಗೆ ಹೋಗುವ ಮುಂಚೆ ಯುಬಿಕ್ವಿಟಿನನ್ನು ಬಿಡಿಸಿ ವಾಪಸ್ ಕೋಶಕ್ಕೆ ಕೊಡುತ್ತದೆ. ಅದು ಇಲ್ಲದಿದ್ದರೆ ಯುಬಿಕ್ವಿಟಿನ್ನೂ ಪ್ರೋಟೀನಿನ ಜೊತೆಗೇ ಒಳಗೆ ಹೋಗಿ ಪುಡಿಯಾಗುತ್ತದೆ. ಆ ಇಲಿಗಳ ನರಕೋಶಗಳಲ್ಲಿ ಯುಬಿಕ್ವಿಟಿನ್ ಕಡಿಮೆ ಬಿದ್ದಿತ್ತು, ಅದರಲ್ಲೂ ನರದ ತುದಿಗಳಲ್ಲಿ. ನರ ಸ್ನಾಯುವಿಗೆ ಸೇರುವ ಜಾಗ ಸರಿಯಾಗಿ ಬೆಳೆದಿರಲಿಲ್ಲ, ತುದಿಗಳು ಊದಿಕೊಂಡಿದ್ದವು. ನರಕೋಶಗಳಿಗೆ ಮಾತ್ರ ಯುಎಸ್‌ಪಿ 14 ಮರಳಿ ಕೊಟ್ಟರೂ ಇಲಿಗಳು ಬದುಕಿದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಪ್ರಯೋಗ. ಕಿಣ್ವ ಕೊಡದೆ ನರಕೋಶಗಳಲ್ಲಿ ಬರೀ ಯುಬಿಕ್ವಿಟಿನ್ ಹೆಚ್ಚಿಸಿದರೂ ಬೇಗ ಸಾಯುವುದು ತಪ್ಪಿತು, ಸ್ನಾಯು ತುಂಬಿಕೊಂಡಿತು. ಕೊರತೆ ಯಾವುದರದ್ದು ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ತೋರಿಸುವುದು?

ಆದ್ದರಿಂದ ಮಾದರಿಯಲ್ಲಿ ಎರಡು ಪೀಪಾಯಿ, ಎರಡು ಬಟ್ಟಲು. ಎರಡರಲ್ಲೂ ಮಣಿ ಸಮನಾಗಿರುತ್ತವೆ. ಒಂದು ಕಡೆ ಮಕ್ಕಳು ಟಿಚ್ ಬಿಚ್ಚಿ ಮಣಿಯನ್ನು ಬಟ್ಟಲಿಗೆ ಹಾಕುತ್ತಾರೆ. ಇನ್ನೊಂದು ಕಡೆ ಸರ ಸಮೇತ ಪೀಪಾಯಿಗೆ. ಸ್ವಲ್ಪ ಹೊತ್ತಿಗೇ ಒಂದು ಬಟ್ಟಲು ಇಳಿಯುತ್ತದೆ. ಆದರೆ ಪೂರ್ತಿ ಖಾಲಿ ಆಗಬಾರದು. ಕೋಶ ಹೊಸ ಯುಬಿಕ್ವಿಟಿನ್ ಮಾಡುತ್ತಲೇ ಇರುತ್ತದಲ್ಲ. ಅದಕ್ಕೆ ಆಗಾಗ ಎರಡೂ ಬಟ್ಟಲಿಗೆ ಒಂದೊಂದು ಮಣಿ ಹಾಕುವ ನಿಯಮ ಇಟ್ಟಿದ್ದೇನೆ.

'ಗ್ಯಾಡ್' ಎಂಬ ಇನ್ನೊಂದು ಕಾಯಿಲೆಯ ಇಲಿತಳಿಗೂ ಒಂದು ಮೂಲೆ ಬೇಕು. ಅದರಲ್ಲಿ ಕೆಟ್ಟಿರುವುದು ಯುಸಿಎಚ್‌ಎಲ್ 1 ಎಂಬ, ಯುಬಿಕ್ವಿಟಿನ್ ಬಿಚ್ಚುವ ಇನ್ನೊಂದು ಕಿಣ್ವ. 1999ರಲ್ಲಿ ಗೊತ್ತಾಯಿತು. ಅಲ್ಲಿ ಯುಬಿಕ್ವಿಟಿನ್ ಅಂಟಿದ ಗಂಟುಗಳು ಕಾಣುತ್ತವೆ. ಅತ್ತೆ ಹೇಳಿದ್ದು ಈ ಇಲಿಗೆ ಹೊಂದುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಒಂದೇ ಬಗೆಯ ಕೆಲಸ ಮಾಡುವ ಕಿಣ್ವಗಳು ಕೆಟ್ಟಾಗಲೂ ಕಾಯಿಲೆ ಬೇರೆ ಬೇರೆ ದಾರಿಯಲ್ಲಿ ಬರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಒಂದು ವಿಷಯ ಬೋರ್ಡಿನಲ್ಲಿ ಹೇಗೆ ಬರೆಯಲಿ ಅಂತ ಇನ್ನೂ ಯೋಚಿಸುತ್ತಿದ್ದೇನೆ. ಯುಎಸ್‌ಪಿ 14 ಬ್ರೇಕಿನ ಕೆಲಸವನ್ನೂ ಮಾಡುತ್ತದೆ. ಗುರುತನ್ನು ಬೇಗ ಬಿಡಿಸಿಬಿಟ್ಟರೆ ಪ್ರೋಟೀನು ತಪ್ಪಿಸಿಕೊಳ್ಳುತ್ತದೆ. 2010ರಲ್ಲಿ ಐಯು 1 ಎಂಬ ರಾಸಾಯನಿಕದಿಂದ ಇದನ್ನು ತಡೆದಾಗ, ಕೋಶಗಳಲ್ಲಿ ಟಾವ್‌ನಂಥ ಪ್ರೋಟೀನುಗಳು ಬೇಗ ಒಡೆದವು. ಮರೆವಿನ ಕಾಯಿಲೆಗೆ ಸಂಬಂಧಪಟ್ಟ ಪ್ರೋಟೀನು ಅದು. ಹಾಗಾದರೆ ಈ ಕಿಣ್ವ ಒಳ್ಳೆಯದೋ ಕೆಟ್ಟದ್ದೋ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಒಂದೇ ಸಾಲಿನ ಉತ್ತರ ಬರೆಯಲು ನನಗೆ ಇಷ್ಟವಿಲ್ಲ. ಬ್ರೇಕಿನ ಕಥೆ ಒಂದು ಕಾರ್ಡಿನಲ್ಲಿ, ನಡುಗುವ ಇಲಿಯ ಕಥೆ ಇನ್ನೊಂದರಲ್ಲಿ. ಎರಡೂ ಒಂದೇ ಅಳತೆಯ ಅಕ್ಷರದಲ್ಲಿ ಇರುತ್ತವೆ.

ಉಳಿದಿರುವುದು ನರ ಮತ್ತು ಸ್ನಾಯು ಸೇರುವ ಜಾಗದ ಫಲಕ. ಊದಿದ ತುದಿಗೆ ಜೇಡಿಮಣ್ಣು ತಂದಾಗಿದೆ. ಪಾಡ್ಯಕ್ಕೆ ಮುಂಚೆ ಒಣಗಬೇಕು, ಆದ್ದರಿಂದ ಈ ಭಾನುವಾರ ಅದೊಂದೇ ಕೆಲಸ.