ಗೋಳಗುಮ್ಮಟದಲ್ಲಿ ಟೇಕ್ ನಾಲ್ಕು

ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು, ಎದುರುಗಡೆ ನಿಂತಿದ್ದ ಕ್ಲೈಂಟನ್ನೇ ಪಿಸುಮಾತಲ್ಲಿ ಬೈದ ಸೌಂಡ್ ರೆಕಾರ್ಡಿಸ್ಟ್ ಬಹುಶಃ ನಾನೊಬ್ಬನೇ. ಬೇರೆ ಯಾರಾದರೂ ಬೈದಿದ್ದರೆ ಗೊತ್ತಿಲ್ಲದೆ ಬೈದರು ಅನ್ನಬಹುದು. ಹದಿನಾಲ್ಕು ವರ್ಷ ಬೂಮ್ ಮೈಕ್ ಹಿಡಿದವನಿಗೆ ಏನನ್ನೋದು?

ಕೆಲಸ ಇಷ್ಟೇ. ವಿಜಯಪುರಕ್ಕೆ ಒಂದು ಆಡಿಯೋ ಗೈಡ್. ಪ್ರವಾಸಿಗರು ಇಯರ್‌ಫೋನ್ ಹಾಕ್ಕೊಂಡು ಊರು ಸುತ್ತುತ್ತಾ ಕೇಳುವಂಥದ್ದು. ನರೇಶನ್ ಆಗಲೇ ಬೆಂಗಳೂರಿನ ಸ್ಟುಡಿಯೋದಲ್ಲಿ ಮುಗಿದಿತ್ತು. ಜಾಗದ ಸದ್ದು ಮಾತ್ರ ಜಾಗದಲ್ಲೇ ಹಿಡಿಯಬೇಕು. ಕಾಲ್ ಶೀಟ್, ಅಂದರೆ ಆ ದಿನದ ಕೆಲಸದ ಪಟ್ಟಿ, ನೋಡಿ ತಲೆ ತಿರುಗಿತು. ಬೆಳಿಗ್ಗೆ 6ಕ್ಕೆ ಗೋಳಗುಮ್ಮಟ, ಆಮೇಲೆ ಜುಮ್ಮಾ ಮಸೀದಿ, ತಾಜ್ ಬಾವಡಿ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು, ಉಪಲಿ ಬುರುಜ್, ಬೆಳಕಿದ್ದರೆ ಬಾರಾ ಕಮಾನ್. ಏಳು ಜಾಗ, ಒಂದು ದಿನ. ಸುಮಾರು ಇನ್ನೂರು ವರ್ಷ ಆದಿಲ್ ಶಾಹಿಗಳು ಕಟ್ಟಿದ್ದನ್ನು ನಾವು ಹನ್ನೆರಡು ಗಂಟೆಯಲ್ಲಿ ಮುಗಿಸಬೇಕು. ಮಧ್ಯೆ ಊಟಕ್ಕೆ ಇಪ್ಪತ್ತು ನಿಮಿಷ.

ಆರು ಗಂಟೆಗೇ ಯಾಕೆ ಅಂದರೆ, ಡಿಸೆಂಬರು. ಶಾಲಾ ಟ್ರಿಪ್ ಸೀಸನ್ನು. ಮಕ್ಕಳು ಮೆಟ್ಟಿಲು ಹತ್ತಿ ಗ್ಯಾಲರಿಗೆ ಕಾಲಿಟ್ಟ ಕೂಡಲೇ ಮಾಡುವ ಮೊದಲ ಕೆಲಸ ಕಿರುಚುವುದು. ಒಬ್ಬ ಕಿರುಚಿದರೆ ಗುಮ್ಮಟ ಅದನ್ನ ಮತ್ತೆ ಮತ್ತೆ ವಾಪಸ್ ಕೊಡುತ್ತೆ. ಎಂಬತ್ತು ಮಕ್ಕಳು ಕಿರುಚಿದರೆ ಮೀಟರ್ ಪೂರ್ತಿ ಕೆಂಪು. ಅವರು ಬರೋದರೊಳಗೆ ಕೆಲಸ ಮುಗಿಸಿ ಇಳಿಯಬೇಕು.

ಹತ್ತುವುದೇ ಒಂದು ಶಿಕ್ಷೆ. ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳಿವೆಯಲ್ಲ, ಮೆಟ್ಟಿಲು ಅದರೊಳಗೆ. ಕಿರಿದು, ಕತ್ತಲೆ, ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ. ನನ್ನ ಹೆಗಲಿಗೆ ಕಿಟ್ ಬ್ಯಾಗು, ನಮ್ಮ ಹುಡುಗನ ಹೆಗಲಿಗೆ ಎರಡು ಸ್ಟ್ಯಾಂಡು. ಮೇಲೆ ತಲುಪುವಷ್ಟರಲ್ಲಿ ನನ್ನ ಏದುಸಿರೇ ಒಂದು ಟ್ರ್ಯಾಕ್ ಆಗುವಷ್ಟಿತ್ತು.

ಆದರೆ ಒಳಗೆ ಹೆಜ್ಜೆ ಇಟ್ಟ ಮೇಲೆ ಬೈಗುಳ ಮರೆತುಹೋಯ್ತು. ಒಳಗಡೆಯೇ ಹತ್ತಿರ ಹತ್ತಿರ 38 ಮೀಟರ್ ಅಗಲ, ನಡುವೆ ಒಂದೇ ಒಂದು ಕಂಬ ಇಲ್ಲ. ಕೆಳಗೆ ಕಟ್ಟೆಯ ಮೇಲೆ 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾ ಮತ್ತು ಅವನವರ ಸಮಾಧಿಗಳು, ಮೇಲಿಂದ ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ. ಅವು ತೋರಿಕೆಗೆ ಮಾತ್ರ. ನಿಜವಾದ ಗೋರಿಗಳು ಅದರ ಕೆಳಗಿನ ನೆಲಮನೆಯಲ್ಲಿ. ಎಲ್ಲೋ ಒಂದು ಪಾರಿವಾಳ ರೆಕ್ಕೆ ಬಡಿದರೆ ಸಾಕು, ಆ ಸದ್ದು ತಲೆಯ ಸುತ್ತ ಒಂದು ಸುತ್ತು ಹಾಕಿ ಹೋಗುತ್ತೆ.

ಪ್ಲಾನ್ ಹೀಗಿತ್ತು. ಎ ರೆಕಾರ್ಡರ್ ನನ್ನ ಹತ್ತಿರ. ಬಿ ರೆಕಾರ್ಡರ್ ಸರಿಯಾಗಿ ಎದುರಿಗೆ, ಗೋಡೆ ಪಕ್ಕ, ಸಣ್ಣ ಸ್ಟ್ಯಾಂಡಿನ ಮೇಲೆ. ಅಲ್ಲಿ ಮೇಡಂ, ಅಂದರೆ ಕ್ಲೈಂಟು, ಜೊತೆಗೆ ಒಬ್ಬ ಸೆಕ್ಯೂರಿಟಿ. ನನ್ನ ಕಡೆ ವಾಯ್ಸ್ ಆರ್ಟಿಸ್ಟು, ಇಲ್ಲಿಯದೇ ನಾಟಕದ ಹುಡುಗಿ. ಅವಳು ಪಿಸುಗುಟ್ಟಬೇಕು, ಬಿ ಅದನ್ನ ಹಿಡೀಬೇಕು. ಅವಳಿಗೆ ನಾನೇ ಹೇಳಿಕೊಟ್ಟೆ: "ಎದುರಿಗೆ ನೋಡಬೇಡಮ್ಮಾ, ಗೋಡೆ ಕಡೆ ಮುಖ ಮಾಡು. ಸದ್ದು ಗೋಡೆ ಹಿಡ್ಕೊಂಡು ಹೋಗುತ್ತೆ." ಇದನ್ನ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಟೇಕ್ ಒಂದು, ಪಾರಿವಾಳ. ಟೇಕ್ ಎರಡು, ಕೆಳಗೆ ಯಾರೋ ಕೆಮ್ಮಿದರು. ಟೇಕ್ ಮೂರು, ಅವಳ ಬಳೆ. ಆಮೇಲೆ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಜಾಗಕ್ಕಿರುವ ಸದ್ದು, ತಗೊಳ್ಳೋಣ ಅಂತ ಟೇಕ್ ನಾಲ್ಕು ಅಂತ ಸ್ಲೇಟ್ ಹೇಳಿ ಎಲ್ಲರನ್ನೂ ಸುಮ್ಮನಾಗಿಸಿದೆ. ಪೂರ್ತಿ ಒಂದು ನಿಮಿಷ. ಅಂಥ ಮೌನ ನಾನು ರೆಕಾರ್ಡ್ ಮಾಡಿದ್ದು ಕಡಿಮೆ. ಕೈ ಎತ್ತಿ ಕಟ್ ಅಂದೆ. ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕ್ಕೊಂಡೆ. ವಾಯ್ಸ್ ಆರ್ಟಿಸ್ಟ್ ಗಾಳಿಗೆ ಅಂತ ಹೊರಗಿನ ತಾರಸಿಗೆ ಹೋದಳು. ಬಿ ರೆಕಾರ್ಡರ್ ಇನ್ನೂ ಓಡುತ್ತಿತ್ತು. ಅದಕ್ಕೆ ರಿಮೋಟ್ ಇಲ್ಲ, ನಿಲ್ಲಿಸಬೇಕಂದರೆ ಅರ್ಧ ಗ್ಯಾಲರಿ ಸುತ್ತಬೇಕು, ಅರವತ್ತು ಮೀಟರು. ಓಡಲಿ ಬಿಡು, ಕಾರ್ಡಲ್ಲಿ ಜಾಗ ಇದೆ ಅಂದುಕೊಂಡೆ.

ಎದುರುಗಡೆ ಮೇಡಂ ಫೋನ್ ನೋಡುತ್ತಾ ನಿಂತಿದ್ದರು. ನನಗೆ ಹಸಿವು. ಕಾಲ್ ಶೀಟ್ ಜ್ಞಾಪಕ ಬಂತು. ಹುಡುಗನಿಗೆ ಏನೋ ಹೇಳಬೇಕು ಅನ್ನಿಸಿತು. ನನ್ನ ತುಟಿ ಆಡೋದು ಮೇಡಂಗೆ ಕಾಣಬಾರದು ಅಂತ, ಬಹಳ ಜಾಣತನದಿಂದ, ಗೋಡೆ ಕಡೆ ತಿರುಗಿದೆ.

"ಈ ಮೇಡಂಗೆ ಸೌಂಡ್ ಅಂದ್ರೆ ಏನಂತಾನೇ ಗೊತ್ತಿಲ್ಲ ಕಣೋ. ಒಂದು ದಿನಕ್ಕೆ ಏಳು ಜಾಗ ಅಂತೆ. ಇಷ್ಟಕ್ಕೆ ನಮ್ಮನ್ಯಾಕೆ ಕರೀಬೇಕಿತ್ತು, ಫೋನಲ್ಲೇ ಮಾಡ್ಕೊಂಡು ಹೋಗ್ಬಹುದಿತ್ತು. ದುಡ್ಡಾದ್ರೂ ಉಳೀತಿತ್ತು, ಪಾಪ."

ಆ 'ಪಾಪ' ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ಹುಡುಗ ನಗಲಿಲ್ಲ. "ಶ್... ಅಣ್ಣಾ" ಅಂದ, ಅಷ್ಟೇ. ನಾನು ತಿರುಗಿ ನೋಡಿದೆ. ಮೇಡಂ ಹಾಗೇ ಫೋನ್ ನೋಡುತ್ತಿದ್ದರು. ಆದರೆ ಸೆಕ್ಯೂರಿಟಿಯವರು ಹೊರಟಿದ್ದರು. ಗೋಡೆ ಪಕ್ಕದಲ್ಲೇ, ನಿಧಾನಕ್ಕೆ, ನನ್ನ ಕಡೆಗೆ. ಅವರ ಚಪ್ಪಲಿಯ ಒಂದೊಂದು ಸದ್ದೂ ಅವರಿಗಿಂತ ಮುಂಚೆ ನನ್ನ ಕಿವಿಗೆ ಬರುತ್ತಿತ್ತು. ಅರವತ್ತು ಮೀಟರ್ ನಡೆಯೋಕೆ ಮನುಷ್ಯನಿಗೆ ಒಂದು ನಿಮಿಷವೂ ಬೇಡ. ಅವತ್ತು ಅವರಿಗೆ ಅರ್ಧ ದಿನ ಹಿಡಿಯಿತು. ಹತ್ತಿರ ಬಂದು, ಬಹಳ ವಿಶ್ವಾಸದಿಂದ, ಪ್ರವಾಸಿಗೆ ಮಾಹಿತಿ ಕೊಡುವ ಹಾಗೆ ಹೇಳಿದರು: "ಸರ, ನೀವು ಇಲ್ಲಿ ಮಾತಾಡಿದ್ದು ಆ ಕಡಿ ಚೊಲೋತ್ನಾಗಿ ಕೇಳಸ್ತೈತ್ರಿ."

"ಎಲ್ಲಾನಾ?" ಅಂದೆ.

"ಎಲ್ಲಾ ಕೇಳಸ್ತೈತ್ರೀ ಸರ. ಕಾಗದ ಹರದ್ರೂ ಕೇಳಸ್ತೈತಿ."

ಮೇಡಂ ಕೇಳಿಸಿಕೊಂಡರಾ, ಇಲ್ವಾ? ಅವರು ಗೋಡೆಯಿಂದ ಎಷ್ಟು ದೂರ ಇದ್ದರು? ಸ್ವಲ್ಪ ಮುಂದೆ, ಕಟಾಂಜನದ ಕಡೆ ನಿಂತಿದ್ದರೆ ಅಷ್ಟು ಚೆನ್ನಾಗಿ ಕೇಳಿಸಿರಲಿಕ್ಕಿಲ್ಲ. ಹೀಗೆ ಅಕೌಸ್ಟಿಕ್ಸ್ ಲೆಕ್ಕ ಹಾಕುತ್ತಲೇ ಟೇಕ್ ಐದು, ಆರು ಮುಗಿಸಿದೆ. ಟೇಕ್ ಏಳರ ಹೊತ್ತಿಗೆ ಮೊದಲ ಬಸ್ಸಿನ ಮಕ್ಕಳು ಬಂದರು. ಕಿರುಚಾಟ ಅಷ್ಟು ಹಿತವಾಗಿ ಯಾವತ್ತೂ ಕೇಳಿಸಿರಲಿಲ್ಲ.

ಮಸೀದಿ, ಬಾವಡಿ ಹೇಗೆ ಮುಗಿದವೋ ಜ್ಞಾಪಕ ಇಲ್ಲ. ಸುಸಲಾ, ಮಿರ್ಚಿ ಭಜಿ ತಿಂದೆವು ಅನ್ನೋದು ಬಿಲ್ಲಿನಿಂದ ಗೊತ್ತು. ಇಬ್ರಾಹಿಂ ರೋಜಾದಲ್ಲಿ ಗಿಳಿಗಳ ಸದ್ದು ಹಿಡಿಯುತ್ತಾ ಕೂತಿದ್ದೆ. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚಿನವನು. ತಾನೇ ಹಾಡು ಬರೆದವನು, ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟವನು. ಅಂಥವನ ಎದುರು ಕೂತು ನಾನು ಲೆವೆಲ್ ನೋಡದೆ ಮೇಡಂ ಮುಖ ನೋಡುತ್ತಿದ್ದೆ. ಒಂದು ಫೈಲ್ ಪೂರ್ತಿ ಕ್ಲಿಪ್ ಆಗಿದ್ದು, ಅಂದರೆ ಲೆವೆಲ್ ಮೀರಿ ಸದ್ದು ಒಡೆದಿದ್ದು, ಗೊತ್ತಾಗಿದ್ದು ರಾತ್ರಿ.

ಮಧ್ಯಾಹ್ನ ತೋಪಿನ ಹತ್ತಿರ ಬಂದೆವು. ಮಲಿಕ್-ಎ-ಮೈದಾನ್ ಅಂದರೆ ಸಾಮಾನ್ಯ ತೋಪಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್. ಬಾಯಿ ಸಿಂಹದ್ದು, ಅದರ ಹಲ್ಲಿನ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಹಾರಿಸಿದರೆ ಕಿವಿ ಹೋಗುತ್ತೆ ಅಂತ ಬತ್ತಿ ಹಚ್ಚಿದವನು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನಂತೆ. ಜೋರು ಸದ್ದನ್ನ ತಡೆಯೋಕೆ ನಾವು ಬಳಸುವ ಲಿಮಿಟರ್ ಇದೆಯಲ್ಲ, ನಮ್ಮ ಕಸುಬಿನ ಮೊದಲ ಲಿಮಿಟರ್ ಅದೇ ಇರಬೇಕು. ಲೋಕಲ್ ಕೋಆರ್ಡಿನೇಟರ್ ಹೇಳುತ್ತಿದ್ದರು, 1854ರಲ್ಲಿ ಬ್ರಿಟಿಷರ ಕಾಲದಲ್ಲಿ ಇದನ್ನ ಗುಜರಿ ಲೆಕ್ಕದಲ್ಲಿ ಹರಾಜಿಗೆ ಹಾಕಿದಾಗ ಬಂದದ್ದು 150 ರೂಪಾಯಿ, ಆಮೇಲೆ ಪುಣ್ಯಕ್ಕೆ ಹರಾಜು ರದ್ದಾಯ್ತು ಅಂತ. ನಮ್ಮ ರೇಟು ಅದಕ್ಕಿಂತ ವಾಸಿ ಅಂತ ಹುಡುಗನಿಗೆ ಹೇಳೋಣ ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಒಂದೇ ದಿನದಲ್ಲಿ ಅಷ್ಟು ಕಲಿತಿದ್ದೆ.

ಆ ತೋಪನ್ನ ಬೆರಳ ಗೆಣ್ಣಿಂದ ಮೆಲ್ಲಗೆ ತಟ್ಟಿದರೆ ಗಂಟೆ ಥರ ಸಣ್ಣಗೆ ಕಿಣಿ ಅನ್ನುತ್ತೆ. ಅದಕ್ಕೆ ಮೈಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಸರಿಮಾಡುತ್ತಾ ಬಗ್ಗಿದ್ದೆ. ಹಿಂದಿನಿಂದ ಮೇಡಂ ಬಂದರು. ಕೈಯಲ್ಲಿ ಫೋನು.

"ಸರ್, ಇದನ್ನ ಫೋನಲ್ಲೇ ಮಾಡ್ಕೊಳ್ಳೋಣ್ವಾ? ದುಡ್ಡಾದ್ರೂ ಉಳಿಯುತ್ತೆ. ಪಾಪ."

ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ನಾನು ಬಗ್ಗಿದ್ದವನು ಏಳಲೇ ಇಲ್ಲ. ತೋಪಿನ ಬಾಯೊಳಗೆ ಹೋಗಿ ಕೂತುಬಿಡೋಣ ಅನ್ನಿಸಿತು, ಆನೆಗೇ ಜಾಗ ಇದೆಯಲ್ಲ. ಸಾರಿ ಮೇಡಂ ಅಂದೆ. ಆರು ಗಂಟೆಗೇ ಶುರು ಮಾಡಿದ್ದು, ಹಸಿವು, ಶೆಡ್ಯೂಲ್ ಟೈಟು ಅಂತೆಲ್ಲ ತೊದಲಿದೆ. ಶೆಡ್ಯೂಲ್ ಅಂದ ಕೂಡಲೇ ಅವರು ಫೋನಲ್ಲಿ ಏನೋ ಹುಡುಕಿ ನನ್ನ ಮುಂದೆ ಹಿಡಿದರು. ನನ್ನದೇ ಮೇಲ್. ಮೂರು ವಾರ ಹಿಂದಿನದು. ಅವರು ಏಳು ಜಾಗದ ಪಟ್ಟಿ ಕಳಿಸಿ, ಎಷ್ಟು ದಿನ ಬೇಕಾಗುತ್ತೆ ಹೇಳಿ ಅಂತ ಸ್ಪಷ್ಟವಾಗಿ ಕೇಳಿದ್ದಾರೆ. ಕೆಳಗೆ ನನ್ನ ಉತ್ತರ: "ಒಂದು ದಿನ ಸಾಕು ಮೇಡಂ, ಮ್ಯಾನೇಜ್ ಮಾಡ್ತೀವಿ."

ಯಾಕೆ ಹಾಗೆ ಬರೆದೆ ಅಂತ ಗೊತ್ತು. ಎರಡು ದಿನ ಅಂದರೆ ಕೆಲಸ ಬೇರೆಯವರಿಗೆ ಹೋಗುತ್ತೆ ಅನ್ನೋ ಭಯ. ಈ ಫೀಲ್ಡಲ್ಲಿ ರೆಕಿಗೆ, ಅಂದರೆ ಮುಂಚೆಯೇ ಹೋಗಿ ಜಾಗ ನೋಡಿ ಬರೋದಕ್ಕೆ, ಯಾರೂ ಕಾಸು ಕೊಡಲ್ಲ, ಫೋಟೋ ನೋಡಿ ಕೊಟೇಶನ್ ಹಾಕು ಅಂತಾರೆ. ನಾವೂ ಹಾಕ್ತೀವಿ. ಆಮೇಲೆ ಲೊಕೇಶನ್‌ಗೆ ಬಂದು ಗೋಡೆಗೆ ಬೈತೀವಿ. ಅವರು ಇಷ್ಟೇ ಅಂದರು: "ಎರಡು ದಿನ ಕೇಳಿದ್ರೆ ಕೊಡ್ಸಿರೋಳು ಸರ್ ನಾನು. ಬಜೆಟ್ ಇತ್ತು." ಬೈದಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಉಪಲಿ ಬುರುಜಿನ ಮೇಲೆ ಗಾಳಿ ವಿಪರೀತ, ಮೈಕಿಗೆ ಗಾಳಿ ತಡೆಯುವ ತುಪ್ಪಳದ ಕವಚ, ಡೆಡ್ ಕ್ಯಾಟ್, ಹಾಕಿದ್ದರೂ ಬರೀ ಗುಡುಗುಡು. ಬಾರಾ ಕಮಾನ್ ತಲುಪಿದಾಗ ಕತ್ತಲು. ತನ್ನ ಸಮಾಧಿಗೆ ಅಂತ ಶುರುಮಾಡಿದ ಎರಡನೇ ಅಲಿ ಆದಿಲ್ ಶಾನಿಗೂ ಅದನ್ನ ಮುಗಿಸೋಕೆ ಆಗಲಿಲ್ಲ, ನಮಗೂ ಆಗಲಿಲ್ಲ.

ರಾತ್ರಿ ಲಾಡ್ಜಲ್ಲಿ ಫೈಲ್ ಕೇಳಿದೆ. ವೇವ್‌ಫಾರ್ಮ್ ನೋಡೋಕೆ ಚೆಂದ. ಎರಡೂ ರೆಕಾರ್ಡರ್ ಸಿಂಕ್ ಮಾಡಿ ಹೊಂದಿಸೋಕೆ ಅಂತ ಹೊಡೆದ ಚಪ್ಪಾಳೆ ಬಿ ರೆಕಾರ್ಡರಿನಲ್ಲಿ ಎರಡು ಸಲ ಬಂದಿತ್ತು. ನೇರ ಬಂದದ್ದು ಒಂದು, ಅರವತ್ತು ಚಿಲ್ಲರೆ ಮಿಲಿಸೆಕೆಂಡ್ ತಡವಾಗಿ ಗೋಡೆ ಬಳಸಿ ಬಂದದ್ದು ಇನ್ನೊಂದು. ಆಮೇಲೆ ಅನುರಣನೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ ಹೋಗುತ್ತೆ. ಟೇಕ್ ಮೂರು, ಐದು, ಆರು ಮೂರರಲ್ಲೂ ಆ ಹುಡುಗಿಯ ಪಿಸುಮಾತು ಹಿಡಿದಿತ್ತು, ಆದರೆ ಮಬ್ಬು. ಟೇಕ್ ನಾಲ್ಕರ ಕೊನೆಯಲ್ಲಿ ನನ್ನ ದನಿ ಮಾತ್ರ ಕಿವಿಯಲ್ಲೇ ಹೇಳಿದ ಹಾಗಿತ್ತು. ಒಂದಕ್ಷರ ಬಿಟ್ಟಿರಲಿಲ್ಲ. ನನ್ನ ವೃತ್ತಿಜೀವನದ ಅತ್ಯಂತ ಸ್ಪಷ್ಟವಾದ ರೆಕಾರ್ಡಿಂಗು.

ಒಪ್ಪಂದದ ಪ್ರಕಾರ ರಾ ಫೈಲ್ ಎಲ್ಲಾ ಕೊಡಬೇಕು. ನಾಲ್ಕನ್ನ ಬಿಟ್ಟು ಅಪ್‌ಲೋಡ್ ಮಾಡಿದೆ. ಬೆಳಿಗ್ಗೆ ಮೇಲ್ ಬಂತು: "ಟೇಕ್ 4 ಬಂದಿಲ್ಲ." ಸ್ಮೈಲಿ ಇಲ್ಲ, ಏನಿಲ್ಲ. ಕಳಿಸಿದೆ. ಕೊನೆಗೆ ಗೋಳಗುಮ್ಮಟದ ಟ್ರ್ಯಾಕಿನ ಕೆಳಗೆ ಅವರು ಹಾಸಿರುವುದು ಅದೇ ರೂಮ್ ಟೋನ್. ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿದರೆ ಫೇಡ್ ಆಗುವ ಜಾಗದಲ್ಲಿ ನಮ್ಮ ಹುಡುಗನ "ಶ್" ಸಿಗುತ್ತೆ. ಅದಕ್ಕಿಂತ ಮುಂಚಿನದನ್ನ ಕತ್ತರಿಸಿದ್ದಾರೆ.

ದುಡ್ಡು ಬರೋಕೆ ಮೂರು ತಿಂಗಳಾಯ್ತು. ಅದಕ್ಕೂ ಬೈದೆ, ಮನೇಲಿ, ಬಾಗಿಲು ಹಾಕ್ಕೊಂಡು, ಮಿಕ್ಸಿ ಓಡುತ್ತಿರುವಾಗ.