ಕೀಲಿಕೈ ಗುರುತಿನ ಬಿಸ್ಕೂಟು

"ಅಮ್ಮಾ, ನಾವು ಬೇತ್ಲೆಹೇಮ್‌ನಲ್ಲೇ ಇದ್ದೀವಲ್ಲ. ಮತ್ತೆ ನೀನ್ಯಾಕೆ ಕ್ರಿಸ್ಮಸ್ ಇರೋದು ಬೀದರ್‌ನಲ್ಲಿ ಅಂತೀಯ?"

ಡಿಸೆಂಬರ್ 23ರ ಬೆಳಿಗ್ಗೆ ಹಾಲಿನಲ್ಲಿ ಕಾರ್ನ್‌ಫ್ಲೇಕ್ಸ್ ಕಲಕುತ್ತಾ ಮಗಳು ಕೇಳಿದಳು. ಅವಳಿಗೆ ಏಳು ವರ್ಷ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೇತ್ಲೆಹೇಮ್ ಎಂಬ ಊರಿನಲ್ಲಿ. ಯೇಸು ಹುಟ್ಟಿದ ಊರಿನ ಹೆಸರೇ. 1741ರ ಕ್ರಿಸ್ಮಸ್ ಹಿಂದಿನ ರಾತ್ರಿ ಈ ಊರಿಗೆ ಈ ಹೆಸರಿಟ್ಟರಂತೆ. 1937ರಿಂದ ತನ್ನನ್ನು 'ಕ್ರಿಸ್ಮಸ್ ಸಿಟಿ' ಅಂತಲೇ ಕರೆದುಕೊಳ್ಳುತ್ತದೆ. ಗುಡ್ಡದ ಮೇಲೆ ದೀಪದ ದೊಡ್ಡ ಚುಕ್ಕಿ, ಅಂದರೆ ನಕ್ಷತ್ರ, ಬೇರೆ ಇದೆ. ಇಪ್ಪತ್ತು ನಿಮಿಷ ಕಾರು ಓಡಿಸಿದರೆ ನಜರೇತ್, ಇನ್ನೊಂದು ಕಡೆ ಹೋದರೆ ಎಮ್ಮಾಹು, ಎಲ್ಲ ಬೈಬಲಿನ ಊರುಗಳ ಹೆಸರೇ. ಹತ್ತು ವರ್ಷದ ಹಿಂದೆ ಇಲ್ಲಿಗೆ ಬಂದ ಹೊಸದರಲ್ಲಿ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ಒಂದು ಗಳಿಗೆ ಸುಮ್ಮನಿದ್ದು, "ಹಂಗಾರ ಯೆರೂಸಲೇಮ್ ಎಷ್ಟ್ ದೂರ ಆಗ್ತದ?" ಅಂತ ಕೇಳಿದ್ದಳು. ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಗಳಿಗೆ ಏನು ಉತ್ತರ ಹೇಳಬೇಕೋ ನನಗೆ ಹೊಳೆಯಲಿಲ್ಲ. "ಇವತ್ತು ಕುಕಿ ಮಾಡೋಣ, ಬೇಗ ತಿನ್ನು" ಅಂದೆ. ಉತ್ತರ ಇಲ್ಲದಾಗ ತಿಂಡಿ ಮುಂದಿಡುವುದು ನಮ್ಮ ಮನೆತನದ ಪದ್ಧತಿ.

ಶುಗರ್ ಕುಕಿ ಮಾಡಬೇಕು ಅನ್ನುವುದು ಅವಳದೇ ಹಟ. ಕ್ಲಾಸಿನಲ್ಲಿ ಎಲ್ಲರ ಮನೆಯಲ್ಲೂ ಮಾಡುತ್ತಾರಂತೆ. ಈ ರಾಜ್ಯದಲ್ಲಿ ಅದು ಸಣ್ಣ ವಿಷಯವೂ ಅಲ್ಲ. 2001ರಲ್ಲಿ ಇಲ್ಲಿಯ ಶಾಸಕರು ಕೂತು ನಜರೇತ್ ಶುಗರ್ ಕುಕಿಯೇ ನಮ್ಮ ರಾಜ್ಯದ ಕುಕಿ ಅಂತ ಠರಾವು ಮಾಡಿದ್ದಾರೆ. ಬಿಸ್ಕೂಟಿಗೂ ಠರಾವು! ನಾನು ಮಾತ್ರ ಇಷ್ಟು ವರ್ಷ ಕರ್ಜಿಕಾಯಿ, ಶಂಕರಪಾಳಿ, ಚಕ್ಲಿ ಅಂತ ಮೂರು ದಿನ ಎಣ್ಣೆ ಮುಂದೆ ನಿಂತು ಕಳೆಯುತ್ತಿದ್ದೆ. ಓವನ್ ಇರುವುದು ಪಾತ್ರೆ ಇಡೋದಕ್ಕೆ ಅಂತಲೇ ಅಂದುಕೊಂಡಿದ್ದೆ.

ಪಕ್ಕದ ಮನೆಯ ಅಜ್ಜಿಗೆ ವಿಷಯ ಗೊತ್ತಾಗಿದ್ದೇ ತಡ, ಹತ್ತು ಗಂಟೆಗೆಲ್ಲ ಬಾಗಿಲು ತಟ್ಟಿದರು. ಎಂಬತ್ತು ದಾಟಿದ ಜೀವ. ಕೈಯಲ್ಲಿ ಹಳೇ ಶೂ ಡಬ್ಬಿ. ಅದರ ತುಂಬ ತಗಡಿನ ಅಚ್ಚುಗಳು: ಚುಕ್ಕಿ, ಗಂಟೆ, ಗಿಡ, ಕುರಿ. ಅವರ ತಾಯಿಯವಂತೆ. ಗಂಟೆಯ ಅಚ್ಚಿನ ಹಿಡಿಕೆ ಕಿತ್ತುಹೋಗಿ, ಬೆಸುಗೆ ಹಾಕಿದ ಗುಳ್ಳೆ ಎದ್ದು ಕಾಣುತ್ತಿತ್ತು. ಅಜ್ಜಿ ಮೊರೇವಿಯನ್ ಎಂಬ ಕ್ರೈಸ್ತ ಸಭೆಯವರು. ಅವರ ಮನೆ ಬಾಗಿಲಿಗೆ ಇಪ್ಪತ್ತಾರು ಮೂಲೆಯ ಬಿಳಿ ಚುಕ್ಕಿ ತೂಗುತ್ತದೆ. ಮೊದಲ ಸಲ ಸಿಕ್ಕಾಗ ನಾನು ಮೆಥಡಿಸ್ಟ್ ಅಂದದ್ದಕ್ಕೆ, "ಹಾಗಾದರೆ ನಿಮ್ಮ ವೆಸ್ಲಿಗೆ ಧೈರ್ಯ ಕಲಿಸಿದವರು ನಾವು" ಅಂತ ನಕ್ಕಿದ್ದರು. ನಮ್ಮ ಮೆಥಡಿಸ್ಟ್ ಸಭೆಗೆ ಮೂಲಪುರುಷ ಜಾನ್ ವೆಸ್ಲಿ. 1736ರಲ್ಲಿ ಹಡಗು ಬಿರುಗಾಳಿಗೆ ಸಿಕ್ಕಾಗ ವೆಸ್ಲಿ ನಡುಗುತ್ತಿದ್ದರು, ಮೊರೇವಿಯನ್ನರು ಹಾಡುತ್ತಿದ್ದರು. ಬೀದರಿನ ಮಂಗಳಪೇಟೆಯ ಸಂಡೇ ಸ್ಕೂಲಿನಲ್ಲಿ ಈ ಕಥೆ ಕೇಳಿದ್ದೆ. ಆ ಹಾಡಿದವರ ಕಡೆಯವರು ಒಂದು ದಿನ ನನ್ನ ಅಡುಗೆಮನೆಯಲ್ಲಿ ಮೈದಾ ಅಳೆಯುತ್ತಾರೆ ಅಂತ ಯಾರಿಗೆ ಗೊತ್ತಿತ್ತು.

ಅಳತೆ ಸುಲಭ. ಬೆಣ್ಣೆ 225 ಗ್ರಾಂ, ಸಕ್ಕರೆ ಒಂದು ಕಪ್, ಎರಡನ್ನೂ ಬೆಳ್ಳಗಾಗುವವರೆಗೆ ತಿಕ್ಕಬೇಕು. ಒಂದು ಮೊಟ್ಟೆ, ಎರಡು ಚಿಕ್ಕ ಚಮಚ ವೆನಿಲಾ. ಆಮೇಲೆ ಮೂರು ಕಪ್ ಮೈದಾ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ನಾನು ಅಜ್ಜಿಗೆ ಕಾಣದಂತೆ ಏಲಕ್ಕಿ ಪುಡಿ ಹಾಕಿದೆ. ಅವರಿಗೆ ವಾಸನೆ ಬಂತು, ಏನೂ ಅನ್ನಲಿಲ್ಲ. ಹಿಟ್ಟನ್ನು ಎರಡು ಚಪ್ಪಟೆ ಉಂಡೆ ಮಾಡಿ ಒಂದು ಗಂಟೆ ತಣ್ಣಗಿಡಬೇಕು, ಇಲ್ಲದಿದ್ದರೆ ಓವನ್‌ನಲ್ಲಿ ಬೆಣ್ಣೆ ಕರಗಿ ಚುಕ್ಕಿ ಹೋಗಿ ದೋಸೆ ಆಗುತ್ತದೆ. ಫ್ರಿಜ್‌ನಲ್ಲಿ ಜಾಗ ಇರಲಿಲ್ಲ. ಅಜ್ಜಿ ಸೀದಾ ಹಿಂದಿನ ಬಾಗಿಲು ತೆಗೆದು ಹಿಟ್ಟಿನ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟರು. ಹೊರಗೆ ಅಷ್ಟು ಚಳಿ.

ಆ ಒಂದು ಗಂಟೆ ಇದೆಯಲ್ಲ, ಅದೇ ನನ್ನನ್ನು ಕೆಡಿಸಿದ್ದು. ಬೆಣ್ಣೆ, ಸಕ್ಕರೆ, ಏಲಕ್ಕಿ ಕೈಗೆ ಅಂಟಿಕೊಂಡಿತ್ತು. ಕೈ ಮೂಸಿದೆ. ಅಷ್ಟೇ. ಬೀದರಿನ ಬಿಸ್ಕೂಟು ಬೇಯಿಸುವ ಭಟ್ಟಿ ಮುಂದೆ ನಿಂತಿದ್ದೆ.

ಡಿಸೆಂಬರ್ ಇಪ್ಪತ್ತರ ನಂತರ ನಮ್ಮ ಓಣಿಯ ಹೆಂಗಸರಿಗೆಲ್ಲ ಭಟ್ಟಿಯ ಚಿಂತೆ. ಅವ್ವ ಮೂರು ಕಿಲೋ ಮೈದಾ, ಒಂದೂವರೆ ಕಿಲೋ ದಾಲ್ಡಾ, ಪುಡಿ ಮಾಡಿದ ಸಕ್ಕರೆ, ಏಲಕ್ಕಿ ಎಲ್ಲ ಚೀಲಕ್ಕೆ ತುಂಬುತ್ತಿದ್ದಳು. ಬಿಸ್ಕೂಟು ತುಂಬಿಕೊಂಡು ಬರಲು ಎರಡು ಖಾಲಿ ಎಣ್ಣೆ ಡಬ್ಬಿ, ತೊಳೆದು ಬಿಸಿಲಿಗಿಟ್ಟು, ಮುಚ್ಚಳ ಹಾಕಿಸಿದವು. ಡಬ್ಬಿ ಹಿಡಿಯುವುದು ನನ್ನ ಕೆಲಸ. ಕರ್ನಾಟಕದಲ್ಲಿ ಚಳಿ ಜಾಸ್ತಿ ಅಂತ ಪೇಪರಿನಲ್ಲಿ ಬಂದರೆ ಅದರಲ್ಲಿ ಬೀದರ್ ಹೆಸರು ಇದ್ದೇ ಇರುತ್ತದೆ. ಅಂಥ ಚಳಿಯಲ್ಲಿ ಭಟ್ಟಿ ಮುಂದಿನ ಸಾಲಿನಲ್ಲಿ ನಿಲ್ಲುವುದು ಶಿಕ್ಷೆಯಲ್ಲ, ಸುಖ. ಭಟ್ಟಿಯ ಚಾಚಾ ದೊಡ್ಡ ಪರಾತದಲ್ಲಿ ದಾಲ್ಡಾ ಮತ್ತು ಸಕ್ಕರೆ ಹಾಕಿ ಅಂಗೈಯಿಂದ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಅದು ಬೆಣ್ಣೆಗಿಂತ ಬೆಳ್ಳಗಾಗುತ್ತಿತ್ತು. ಮೈದಾ ಬಿದ್ದ ಮೇಲೆ ಸಾಲಿನಲ್ಲಿದ್ದ ಹೆಂಗಸರೇ ಕೂತು ಉಂಡೆ ಕಟ್ಟಿ ಪತ್ರಾ ಮೇಲೆ, ಅಂದರೆ ತಗಡಿನ ಮೇಲೆ, ಜೋಡಿಸಬೇಕು.

ತೊಡಕು ಶುರುವಾಗುವುದು ಇಲ್ಲೇ. ಒಂದೇ ಭಟ್ಟಿಯೊಳಗೆ ಐದಾರು ಮನೆಯ ಪತ್ರಾ ಹೋಗುತ್ತವೆ. ಹೊರಗೆ ಬಂದ ಮೇಲೆ ಯಾವುದು ಯಾರದು? ಅದಕ್ಕೆ ಒಂದೊಂದು ಮನೆಗೆ ಒಂದೊಂದು ಗುರುತು. ಒಬ್ಬರು ಹೆಬ್ಬೆರಳು ಒತ್ತುತ್ತಿದ್ದರು. ಒಬ್ಬರು ಸೋಡಾ ಬಾಟಲಿಯ ಬಿಲ್ಲೆ. ಅವ್ವನದು ಟ್ರಂಕಿನ ಕೀಲಿಕೈ. ಹಿತ್ತಾಳೆಯ ಕೀಲಿಕೈ, ಅದರ ತಲೆ ದುಂಡಗೆ ಉಂಗುರದ ಹಾಗೆ. ಅದನ್ನು ಮೈದಾದಲ್ಲಿ ಅದ್ದಿ ಉಂಡೆಯ ನಡುವೆ ಒತ್ತಿದರೆ ಉಂಗುರದಂಥ ಗುರುತು. ಬೆಂದು ಉಬ್ಬಿದ ಮೇಲೂ ಆ ಉಂಗುರ ಹಾಗೇ ಇರುತ್ತಿತ್ತು, ಸುತ್ತ ಸಣ್ಣ ಬಿರುಕು ಬಿಟ್ಟುಕೊಂಡು. "ನಿಶಾನ್ ಡಾಲ್ ಬೇಟಾ, ಜಲ್ದಿ" ಅಂತ ಚಾಚಾ ಅವಸರ ಮಾಡುತ್ತಿದ್ದರು. ನಾನು ಒತ್ತುತ್ತಿದ್ದೆ. ಮೂರು ಕಿಲೋ ಮೈದಾಕ್ಕೆ ಎಷ್ಟು ಸಲ ಒತ್ತಬೇಕು, ನೀವೇ ಲೆಕ್ಕ ಹಾಕಿ.

"ಅಮ್ಮಾ, ಒಂದು ಗಂಟೆ ಆಯ್ತು!"

ಅಜ್ಜಿ ಹಿಟ್ಟಿನ ಎರಡು ಬದಿಗೆ ಎರಡು ಮರದ ಪಟ್ಟಿ ಇಟ್ಟು ಲಟ್ಟಣಿಗೆ ಉರುಳಿಸಿದರು. ಪಟ್ಟಿಯ ಎತ್ತರವೇ ಕುಕಿಯ ದಪ್ಪ, ಕಾಲು ಇಂಚು. ಇಷ್ಟು ವರ್ಷ ಚಪಾತಿ ಲಟ್ಟಿಸಿದ ನನಗೆ ಹೊಳೆಯದ ಉಪಾಯ. ಮಗಳು ಚುಕ್ಕಿ ಕತ್ತರಿಸಿದಳು, ಕುರಿ ಕತ್ತರಿಸಿದಳು. ಓವನ್ 350 ಡಿಗ್ರಿ, ನಮ್ಮ ಸೆಲ್ಸಿಯಸ್‌ನಲ್ಲಿ 180ರ ಹತ್ತಿರ. ಎಂಟರಿಂದ ಹತ್ತು ನಿಮಿಷ. ಅಂಚಿಗೆ ಬಣ್ಣ ಬರುವ ಮೊದಲೇ ತೆಗೆಯಬೇಕು ಅಂತ ಅಜ್ಜಿ ಮೂರು ಸಲ ಹೇಳಿದರು. ತೆಗೆದಾಗ ನನಗೆ ಅವು ಇನ್ನೂ ಹಸಿ ಅನಿಸಿತು. ಬೆಳ್ಳಗಿನ ಬಿಸ್ಕೂಟು ಕಂಡರೆ ನಮ್ಮ ಕಡೆ ಯಾರಿಗೂ ಸಮಾಧಾನ ಆಗಲ್ಲ.

ಐಸಿಂಗ್ ಮಾತ್ರ ಮಜಾ ಇತ್ತು. ಎರಡು ಕಪ್ ಪುಡಿ ಸಕ್ಕರೆಗೆ ಎರಡು ದೊಡ್ಡ ಚಮಚ ಹಾಲು, ಸ್ವಲ್ಪ ಕಾರ್ನ್ ಸಿರಪ್. ಮೊದಲು ಗಟ್ಟಿ ಐಸಿಂಗಿನಿಂದ ಅಂಚಿಗೊಂದು ಗೆರೆ. ಆಮೇಲೆ ಅದರೊಳಗೆ ತೆಳುವಾದದ್ದನ್ನು ಸುರಿದು ಟೂತ್‌ಪಿಕ್‌ನಿಂದ ಮೂಲೆ ಮೂಲೆಗೆ ಎಳೆಯುವುದು. ಹೊಲಕ್ಕೆ ಒಡ್ಡು ಹಾಕಿ ನೀರು ಬಿಟ್ಟ ಹಾಗೇ. ಮಗಳ ಒಡ್ಡು ಎರಡು ಕಡೆ ಒಡೆಯಿತು. ಕೆಂಪು ಬಣ್ಣ ಮೇಜು ದಾಟಿ ಅವಳ ಸ್ವೆಟರಿಗೆ ಹೋಯಿತು. ಒಂದು ಕುರಿಗೆ ಹಸಿರು ಬಳಿದಳು, ಯಾಕೆ ಅಂದರೆ "ಹುಲ್ಲು ತಿಂದಿದೆ" ಅಂದಳು. ನನ್ನ ಗಂಡ ಕೆಲಸದಿಂದ ಬಂದವನು ಒಣಗದ ಐಸಿಂಗ್ ಮೇಲೆ ಬೆರಳಿಟ್ಟು ಬೈಸಿಕೊಂಡ. ಪೂರ್ತಿ ಒಣಗೋಕೆ ಒಂದು ರಾತ್ರಿ ಬೇಕು ಅಂತ ಅಜ್ಜಿ ಮೊದಲೇ ಹೇಳಿದ್ದರು. ಯಾರು ಕೇಳುತ್ತಾರೆ.

ಕೊನೆಯ ಒಂದು ಉಂಡೆ ಹಿಟ್ಟು ಉಳಿದಿತ್ತು. "ಇದಕ್ಕೆ ಯಾವ ಅಚ್ಚು?" ಅಂದಳು ಮಗಳು. ನಾನು ಬಾಯಿ ತಪ್ಪಿ, "ನಮ್ಮ ಮನೆಯಲ್ಲಿ ಅಚ್ಚು ಇರಲಿಲ್ಲ, ಕೀಲಿಕೈ ಒತ್ತುತ್ತಿದ್ವಿ" ಅಂದೆ. ಅವಳು ಕೂಡಲೇ ಓಡಿಹೋಗಿ ಕಾರಿನ ಕೀಲಿಕೈ ತಂದಳು. ಕಪ್ಪು ಪ್ಲಾಸ್ಟಿಕ್, ಗುಂಡಿ ಒತ್ತಿದರೆ ಕುಂಯ್ ಅನ್ನುತ್ತದೆ. ನಗಬೇಕಿತ್ತು, ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಇರುವ ಕೀಲಿಕೈಗಳೆಲ್ಲ ಅಂಥವೇ, ಇಲ್ಲವೇ ಚಪ್ಪಟೆ.

ಕೀಲಿಕೈ ಇಲ್ಲದ ಒಂದು ವರ್ಷ ನಮ್ಮ ಮನೆಯಲ್ಲೂ ಬಂದಿತ್ತು. ನಾನು ಆಗ ಪಿಯುಸಿ ಎರಡನೇ ವರ್ಷ. ಅದರ ಹಿಂದಿನ ವರ್ಷ ಭಟ್ಟಿ ಮುಂದೆ ಎಣ್ಣೆ ಡಬ್ಬಿ ಹಿಡಿದು ನಿಂತಾಗ ಕ್ಲಾಸಿನ ಇಬ್ಬರು ಹುಡುಗಿಯರು ಸ್ಕೂಟಿಯಲ್ಲಿ ಹೋಗುತ್ತಾ ನೋಡಿ ಕೈ ಬೀಸಿದ್ದರು. ಅವರು ಏನೂ ಅನ್ನಲಿಲ್ಲ. ಆದರೂ ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತ್ತು. ಮರುವರ್ಷ ಅವ್ವ ಚೀಲ ತುಂಬಿ ಕರೆದಾಗ, "ನನಗ ಓದೋದದ, ನಾ ಬರಲ್ಲ. ಬೇಕರ್ಯಾಗ ಕೇಕ್ ಸಿಗ್ತದಲ್ಲ, ಅದೇ ತರೋಣ" ಅಂದೆ. ಅವ್ವ ಎರಡು ಸಲ ಕರೆಯಲಿಲ್ಲ. ಎರಡೂ ಡಬ್ಬಿ ತಾನೇ ಎತ್ತಿಕೊಂಡು ಹೋದಳು.

ನಾನು ಓದಲಿಲ್ಲ. ಟ್ರಂಕ್ ತೆಗೆದು ಹಬ್ಬದ ಹೊಸ ಚೂಡಿದಾರ್ ಹಾಕಿಕೊಂಡು ಕನ್ನಡಿ ಮುಂದೆ ತಿರುಗುತ್ತಾ ನಿಂತಿದ್ದೆ. ಕೀಲಿಕೈ ನನ್ನ ಹತ್ತಿರವೇ ಉಳಿದಿತ್ತು.

ಅವ್ವ ಬಂದಾಗ ರಾತ್ರಿ ಒಂಬತ್ತೂವರೆ. ಸೆರಗಿನ ತುಂಬ ಮೈದಾ. ಬಲಗೈಯ ಬೆರಳ ಮೇಲೆ ಪತ್ರಾ ತಾಗಿ ಕೆಂಪಗೆ ಗುಳ್ಳೆ. ಡಬ್ಬಿ ತೆಗೆದು ಒಂದು ಬಿಸ್ಕೂಟು ಮುರಿದು ಬಾಯಿಗೆ ಹಾಕಿಕೊಂಡೆ. ಗಟ್ಟಿ. ದಾಲ್ಡಾ ಕಡಿಮೆ, ಏಲಕ್ಕಿ ಇಲ್ಲವೇ ಇಲ್ಲ. ಗುರುತಿಲ್ಲದ ಪತ್ರಾ ಅದಲುಬದಲಾಗಿತ್ತು. ನಾನು ಕೂಗಾಡಿದೆ, ಚಾಚಾನ ಹತ್ತಿರ ಹೋಗಿ ಕೇಳೋಣ ಅಂದೆ. ಅವ್ವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ, "ಇರ್ಲಿ ಬಿಡು. ನಮ್ಮವು ಯಾರ್ ಮನಿಗಿ ಹೋದವೋ. ತಿಂದವ್ರು ಹಬ್ಬ ಮಾಡ್ಲಿ" ಅಂದಳು. ಕೀಲಿಕೈ ಎಲ್ಲಿತ್ತು ಅಂತ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ. ಆ ವರ್ಷ ಕ್ರಿಸ್ಮಸ್ ಹಾಡು ಹೇಳುವ ಕ್ಯಾರಲ್ ಹುಡುಗರು ಢೋಲಕ್ ಬಾರಿಸಿಕೊಂಡು ರಾತ್ರಿ ಎರಡಕ್ಕೆ ಬಂದಾಗ ಅವ್ವ ತಟ್ಟೆಯಲ್ಲಿ ಅವೇ ಬಿಸ್ಕೂಟು ಇಟ್ಟಳು. ಒಬ್ಬ ಕಟುಂ ಅಂತ ಕಡಿದು ಅವ್ವನ ಮುಖ ನೋಡಿದ. ನಾನು ಒಳಗೆ ಹೋದೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆನಾ? ಅರ್ಧ ಹೇಳಿದೆ. ಕೀಲಿಕೈ ಒತ್ತುವ ಅರ್ಧ. ಇನ್ನರ್ಧ ಇಲ್ಲಿ ಬರೆಯುತ್ತಿದ್ದೇನೆ ಅಷ್ಟೇ. ಅಜ್ಜಿ ಕೋಟು ಹಾಕಿಕೊಂಡು ತಮ್ಮ ಮನೆಗೆ ಹೋದರು. ಮೆಟ್ಟಿಲ ಮೇಲೆ ಮಂಜು ಜಾರುತ್ತದೆ, ಬೇಡ ಅಂದರೂ ಕೇಳಲಿಲ್ಲ. ಹದಿನೈದು ನಿಮಿಷ ಬಿಟ್ಟು ಬಂದರು. ಕೈಯಲ್ಲಿ ಕಬ್ಬಿಣದ ಕೀಲಿಕೈ, ಹಳೇ ಬೀರುವಿನದು. ಸೋಪಿನಿಂದ ತೊಳೆದು, ಬಿಸಿನೀರಲ್ಲಿ ಅದ್ದಿ, ಒರೆಸಿ ತಂದಿದ್ದರು. ಬೀರು ಮಾರಿ ಎಷ್ಟೋ ವರ್ಷ ಆಯಿತು, ಕೀಲಿಕೈ ಮಾತ್ರ ಬಿಸಾಡಿಲ್ಲ ಅಂದರು. ಅದರ ತಲೆ ಪೂರ್ತಿ ದುಂಡಗಿಲ್ಲ, ಸ್ವಲ್ಪ ಕೋಳಿಮೊಟ್ಟೆ ಆಕಾರ. ಮಗಳು ಮೈದಾದಲ್ಲಿ ಅದ್ದಿ ಒತ್ತಿದಳು. ಹದಿನಾಲ್ಕು ಉಂಡೆ. ಒಂದಕ್ಕೆ ಎರಡು ಸಲ ಒತ್ತಿದಳು.

ಟ್ರೇ ಓವನ್‌ಗೆ ಇಟ್ಟು ಬೀದರಿಗೆ ಫೋನ್ ಹಚ್ಚಿದೆ. ಇಲ್ಲಿ ರಾತ್ರಿ ಎಂಟು, ಅಲ್ಲಿ 24ರ ಬೆಳಗಿನ ಆರೂವರೆ. ಅವ್ವ ಎದ್ದು ಬಾಗಿಲಿಗೆ ನೀರು ಹಾಕಿ ಕೂತಿದ್ದಳು. ತಲೆಗೆ ಮಫ್ಲರ್. ಹಿಂದೆ ಗೋಡೆಯ ಸುಣ್ಣ ಹೊಸದಾಗಿ ಕಾಣಲಿಲ್ಲ. ತಮ್ಮ ಹೈದರಾಬಾದಿನಿಂದ ಸಂಜೆ ಬರುತ್ತಾನಂತೆ. ಮಗಳು ಹಸಿರು ಕುರಿ ತೋರಿಸಿದಳು, ಚುಕ್ಕಿ ತೋರಿಸಿದಳು. ಅವ್ವ ಎಲ್ಲಕ್ಕೂ "ಚೊಲೋ ಆಗ್ಯಾವ" ಅಂದಳು. ಆಮೇಲೆ ನಾನು ಅಜ್ಜಿಯ ಕೀಲಿಕೈಯನ್ನು ಕ್ಯಾಮೆರಾ ಮುಂದೆ ಹಿಡಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಅದು ನಮ್ಮದಲ್ಲ" ಅಂದಳು. ಕೊರಳಿಗೆ ಕೈ ಹಾಕಿ ಸರದ ಪಿನ್ನಿನಲ್ಲಿ ಸಿಕ್ಕಿಸಿದ್ದ ಹಿತ್ತಾಳೆ ಕೀಲಿಕೈ ಎತ್ತಿ ತೋರಿಸಿದಳು. "ನಮ್ಮದು ಇಲ್ಲೇ ಅದ ನೋಡು. ಆವತ್ತಿಂದ ಕೊರಳಾಗೇ ಹಾಕ್ಕೊಂಡೀನಿ."

ಆವತ್ತಿಂದ ಅಂದರೆ ಯಾವತ್ತಿಂದ ಅಂತ ನಾನು ಕೇಳಲಿಲ್ಲ.

"ಈ ಸಲ ಭಟ್ಟಿಗೆ ಹೋಗಿದ್ದೇನವ್ವಾ?"

"ಎಲ್ಲಿ ಹೋಗ್ಲಿ. ಡಬ್ಬಿ ಯಾರ್ ಹಿಡೀತಾರ."

ಅವಳು ಸುಮ್ನೆ ಹೇಳಿದಳು, ಮಂಡಿ ನೋವಿನ ಮಾತು ಹೇಳುವ ಹಾಗೆ. ಅಷ್ಟರಲ್ಲಿ ಓವನ್ ಕೂಗಿತು. ಬಾಗಿಲು ತೆಗೆದು ಫೋನನ್ನು ಆ ಕಡೆ ತಿರುಗಿಸಿದೆ. ಹದಿನಾಲ್ಕೂ ಬೆಳ್ಳಗೆ ಕೂತಿದ್ದವು, ಉಂಗುರ ಉಳಿದಿತ್ತು. ಅಜ್ಜಿ ಕುರ್ಚಿಯಲ್ಲಿ ಕೂತಲ್ಲಿಂದಲೇ ತೆಗಿ ತೆಗಿ ಅಂತ ಕೈ ಮಾಡಿದರು.

"ಇನ್ನಾ ಹಸಿ ಅವ, ತೆಗೀಬ್ಯಾಡ" ಅಂದಳು ಅವ್ವ. "ಕೆಂಪಗ ಆಗ್ಲಿ."

ಓವನ್ ಬಾಗಿಲು ಮತ್ತೆ ಮುಚ್ಚಿದೆ.