ಟಿಬ್ಸ್‌ಗೆ ಸಿಟ್ಟು ಬಂದಾಗ

ಮಳೆಗಾಲದ ಭಾನುವಾರಗಳಲ್ಲಿ ಶಿರಸಿಯ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಹಳೆಯ ಸಿನಿಮಾ ಹಾಕುತ್ತೇವೆ. ಗೋಡೆಗೆ ಬಿಳಿ ಪಂಚೆ, ಎರವಲು ತಂದ ಪ್ರೊಜೆಕ್ಟರ್, ನಡುನಡುವೆ ಕೈಕೊಡುವ ಕರೆಂಟು. ಇಂಗ್ಲಿಷ್ ಸಿನಿಮಾ ಆದರೆ ಅರ್ಥ ಹೇಳುವ ಕೆಲಸ ನನ್ನದು. ಕಳೆದ ಆಷಾಢದಲ್ಲಿ 1967ರ ‘ಇನ್ ದಿ ಹೀಟ್ ಆಫ್ ದಿ ನೈಟ್’ ಹಾಕಿದೆವು. ವೈರಿಂಗ್ ಸರಿಮಾಡಲು ಬಂದಿದ್ದ ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಯುವಕ, ಮಳೆ ಬಿಡದ್ದರಿಂದ ನಮ್ಮೊಡನೆ ಕುಳಿತುಬಿಟ್ಟ.

ಕಥೆ ನಡೆಯುವುದು ಅಮೆರಿಕದ ದಕ್ಷಿಣದ ಮಿಸಿಸಿಪಿ ರಾಜ್ಯದ ಒಂದು ಸಣ್ಣ ಊರಲ್ಲಿ. ರಾತ್ರಿ ರೈಲಿಗೆ ಕಾಯುತ್ತಿದ್ದ ಕರಿಯ ಮನುಷ್ಯನನ್ನು ಪೊಲೀಸನೊಬ್ಬ ಹಿಡಿದು ತರುತ್ತಾನೆ. ಊರಲ್ಲಿ ಕೊಲೆಯಾಗಿದೆ, ಇವನ ಪಾಕೀಟಿನಲ್ಲಿ ದುಡ್ಡಿದೆ, ಇನ್ನೇನು ಬೇಕು? ಆತ ಫಿಲಡೆಲ್ಫಿಯಾದ ಪೊಲೀಸ್ ಅಧಿಕಾರಿ ವರ್ಜಿಲ್ ಟಿಬ್ಸ್, ಕೊಲೆ ತನಿಖೆಯಲ್ಲಿ ಪಳಗಿದವನು. ಗುರುತು ತೋರಿಸಿದರೂ ಠಾಣೆಯ ಮುಖ್ಯಸ್ಥನಿಗೆ ಸಮಾಧಾನವಿಲ್ಲ, ಅಲ್ಲಿಗೆ ಫೋನ್ ಮಾಡುತ್ತಾನೆ.

“ನನಗೂ ಹೀಗೇ ಆಗಿತ್ತು ಮಾಸ್ತರೇ” ಎಂದ ಯುವಕ. ಕಾರವಾರದ ಲಾಡ್ಜೊಂದರಲ್ಲಿ ಕನ್ನಡದಲ್ಲೇ ಕೋಣೆ ಕೇಳಿದವನಿಗೆ ಪಾಸ್‌ಪೋರ್ಟ್ ತೋರಿಸು ಎಂದರಂತೆ! ಆಧಾರ್ ಕಾರ್ಡ್ ಕೊಟ್ಟರೆ ಅದರ ಅಂಚನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು, ಮತ್ತೆ ಇವನ ಮುಖ ನೋಡಿದರಂತೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿ ಶತಮಾನಗಳೇ ಕಳೆದವು. ಅವರ ಸಂತತಿಯಾದ ಈ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು ಸರ್ಕಾರಕ್ಕೆ 2003 ಆಗಬೇಕಾಯಿತು. ಲಾಡ್ಜಿನವರಿಗೆ ಅದೂ ಸಾಲದು.

“ನೀನೇನು ಮಾಡಿದೆ?”

“ನಕ್ಕೆ. ಸಿಟ್ಟು ಮಾಡಿದರೆ ಇವರ ಜಾತಿಯೇ ಹೀಗೆ ಅನ್ನುತ್ತಾರೆ.”

ಆಮೇಲೆ ಬಂತು ಆ ಪ್ರಸಿದ್ಧ ಕಪಾಳಮೋಕ್ಷ. ಹತ್ತಿ ತೋಟದ ಧಣಿ ಎಂಡಿಕಾಟ್ ಟಿಬ್ಸ್‌ನ ಕೆನ್ನೆಗೆ ಹೊಡೆಯುತ್ತಾನೆ. ಮರುಕ್ಷಣವೇ ಟಿಬ್ಸ್ ತಿರುಗಿ ಬಾರಿಸುತ್ತಾನೆ. ಅಡಿಕೆ ವಖಾರಿಯ ಹಿರಿಯರೊಬ್ಬರು ತೊಡೆ ತಟ್ಟಿ “ಶಾಬಾಶ್” ಎಂದರು. ಪರದೆಯ ಮೇಲೆ ಬಿಳಿಯನಿಗೆ ಏಟು ಬಿದ್ದರೆ ನಮ್ಮೆಲ್ಲರಿಗೂ ಖುಷಿಯೇ, ಅದರಿಂದ ನಮ್ಮ ಕೈಯಿಂದ ಏನೂ ಹೋಗುವುದಿಲ್ಲ. ನಮ್ಮ ಸಿನಿಮಾಗಳಲ್ಲಿ ಕಪ್ಪು ಮೈಬಣ್ಣದವನು ಕಂಡರೆ ನಗೆಪಾಟಲಿಗೆ, ಇಲ್ಲವೇ ಖಳನ ಹಿಂಬಾಲಕನಾಗಿ ಎಂಬ ಮಾತು ಆ ಸಂಜೆ ಯಾರ ಬಾಯಿಂದಲೂ ಹೊರಡಲಿಲ್ಲ.

ಟಿಬ್ಸ್ ಪಾತ್ರ ಮಾಡಿದ ಕರಿಯ ನಟ ಸಿಡ್ನಿ ಪಾಟಿಯೇ ದಕ್ಷಿಣಕ್ಕೆ ಹೋಗಲು ಒಪ್ಪದೆ ಹೆಚ್ಚಿನ ಚಿತ್ರೀಕರಣ ಉತ್ತರದ ಇಲಿನಾಯ್‌ನ ಸ್ಪಾರ್ಟಾ ಎಂಬ ಊರಲ್ಲಿ ನಡೆದದ್ದನ್ನೂ, 1968ರಲ್ಲಿ ಈ ಸಿನಿಮಾಕ್ಕೆ ಆಸ್ಕರ್ ಬಂದಾಗ ನಟನ ಪ್ರಶಸ್ತಿ ಠಾಣೆಯ ಮುಖ್ಯಸ್ಥನ ಪಾತ್ರ ಮಾಡಿದ ರಾಡ್ ಸ್ಟೈಗರ್‌ಗೆ ಹೋಗಿ, ಪಾಟಿಯೇ ಹೆಸರು ಸ್ಪರ್ಧೆಯಲ್ಲೇ ಇರದಿದ್ದದ್ದನ್ನೂ ಹೇಳಿದೆ. ಯುವಕನ ಗಮನ ಬೇರೆಲ್ಲೋ ಇತ್ತು. ಅವನಿಗೆ ಹಿಡಿಸಿದ್ದು ಏಟಲ್ಲ, ಅದರ ನಂತರದ ತಪ್ಪು. ಧಣಿಯ ಮೇಲಿನ ಕೋಪದಲ್ಲಿ ಟಿಬ್ಸ್ ಕೊಲೆಗಾರ ಅವನೇ ಎಂದು ಹಟ ಹಿಡಿಯುತ್ತಾನೆ. ಕೊಲೆ ಮಾಡಿದವನು ಬೇರೆ.

“ತಪ್ಪು ಹೇಳಿದ ಮೇಲೆ ಕೆಲಸ ಬಿಡಿಸಿದರೇ?” ಎಂದು ಕೇಳಿದ.

“ಇಲ್ಲ. ತನಿಖೆ ಮುಂದುವರಿಸಿ ಕಡೆಗೆ ಅವನೇ ಕೊಲೆಗಾರನನ್ನು ಹಿಡಿಯುತ್ತಾನೆ.”

“ನಾನು ಒಂದು ಸ್ವಿಚ್ಚು ತಲೆಕೆಳಗಾಗಿ ಕೂರಿಸಿದರೆ ಆ ಮನೆಗೆ ಮತ್ತೆ ಕರೆಯುವುದಿಲ್ಲ. ನಮ್ಮ ಊರಿನ ಬೇರೆ ಹುಡುಗರನ್ನೂ ಕರೆಯುವುದಿಲ್ಲ.”

ಪಾಟಿಯೇ ಸದಾ ಕುಂದಿಲ್ಲದ ಸಜ್ಜನರ ಪಾತ್ರವನ್ನೇ ಮಾಡುತ್ತಾನೆ ಎಂಬ ಆಕ್ಷೇಪ ಅಮೆರಿಕದಲ್ಲೇ ಇತ್ತು. ಟಿಬ್ಸ್ ಆ ಸಾಲಿನವನಲ್ಲ, ಹಮ್ಮಿದೆ, ದ್ವೇಷವಿದೆ. ಅದಕ್ಕೇ ನನಗೂ ಇವನು ಪೂರ್ಣ ಮನುಷ್ಯನಾಗಿ ಕಾಣುತ್ತಾನೆ. ಒಳ್ಳೆಯವನಾಗಿದ್ದರಷ್ಟೇ ಮರ್ಯಾದೆ ಎನ್ನುವುದಾದರೆ ಅದು ಮರ್ಯಾದೆಯಲ್ಲ, ಸಂಬಳ.

ಹೊರಡುವಾಗ ಗೆಳೆಯರು ವೈರಿಂಗಿನ ಲೆಕ್ಕದಲ್ಲಿ ನೂರು ರೂಪಾಯಿ ಬಿಡು ಎಂದರು. ಯುವಕ ನಗಲಿಲ್ಲ. “ಆಗುವುದಿಲ್ಲ” ಎಂದ. ಗೆಳೆಯರು ಒಂದಿಷ್ಟು ಗೊಣಗಿ ಪೂರ್ತಿ ಎಣಿಸಿ ಕೊಟ್ಟರು.